ಜಾಲಿಗಿಡದ ಹಿಂದಿನ ಸುಳಿ: ಸೋವಿಯತ್ ಲೆನ್ಸು ಅಗ್ಗ ಯಾಕೆ, ಚೆಂದ ಯಾಕೆ?

ಮದುವೆ ಹಂಗಾಮು ಶುರುವಾದರೆ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಸ್ಟುಡಿಯೊ ಹುಡುಗರಿಗೆ ಸಂಜೆ ಹೊತ್ತು ಪುರುಸೊತ್ತೇ ಇರುವುದಿಲ್ಲ. ಬಿಸಿಲಿನ ಉರಿ ಇಳಿದು ಬೆಳಕು ಹಳದಿಗೆ ತಿರುಗುವ ಒಂದು ತಾಸಿಗಾಗಿ ಕಾದಿರುತ್ತಾರೆ. ನಿಶ್ಚಯವಾದ ಜೋಡಿಯನ್ನು ಕಾರಿಗೆ ಹತ್ತಿಸಿಕೊಂಡು ಜಲದುರ್ಗಕ್ಕೋ, ನಾರಾಯಣಪುರ ಜಲಾಶಯದ ಕಡೆಗೋ, ಮುದಗಲ್ಲಿನ ಕೋಟೆಗೋ ಹೊರಡುತ್ತಾರೆ. ಅಷ್ಟು ದೂರದ ಖರ್ಚು ಬೇಡ ಎಂದವರನ್ನು ಊರ ಹೊರಗಿನ ಬಳ್ಳಾರಿ ಜಾಲಿಯ ಪೊದೆಯ ಮುಂದೆಯೇ ನಿಲ್ಲಿಸಿದರಾಯಿತು.

ಹೊಸ ಕ್ಯಾಮೆರಾ, ಹೊಸ ಲೈಟು ಎಲ್ಲ ಇರುತ್ತದೆ. ನಡುವೆ ಯಾರೋ ಒಬ್ಬ ಚೀಲದ ತಳದಿಂದ ಕರಿಯ, ತೂಕದ, ಬಣ್ಣ ಸವೆದ ಲೆನ್ಸೊಂದನ್ನು ತೆಗೆಯುತ್ತಾನೆ. ಅದರ ಮೇಲಿನ ಅಕ್ಷರ ಇಂಗ್ಲಿಷಿನಂತೆ ಕಂಡರೂ ಓದಲು ಬರುವುದಿಲ್ಲ. ಅದನ್ನು ಬೋಲ್ಟು ತಿರುಗಿಸಿದಂತೆ ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸುತ್ತಾನೆ. ಆಟೋಫೋಕಸ್ ಇಲ್ಲ, ಗುಂಡಿ ಒತ್ತಿದರೆ ಗುರ್ ಎನ್ನುವ ಮೋಟಾರೂ ಇಲ್ಲ. ಕೈಯಿಂದಲೇ ಫೋಕಸ್ ಮಾಡಿ ಕ್ಲಿಕ್ಕಿಸುತ್ತಾನೆ. ಪರದೆಯ ಮೇಲೆ ಹುಡುಗಿಯ ಮುಖ ತಿಳಿಯಾಗಿ ಮೂಡಿರುತ್ತದೆ. ಹಿಂದಿನ ಜಾಲಿಯ ಎಲೆಗಳೆಲ್ಲ ಅವಳ ಸುತ್ತ ಸುಳಿಯಾಗಿ ತಿರುಗುತ್ತಿರುತ್ತವೆ.

‘ಇದ್ಯಾವ ಲೆನ್ಸಣ್ಣಾ?’

‘ರಷ್ಯಾದ್ದು.’

ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ. ಅದು ಎಲ್ಲಿಂದ ಬಂತು, ಇಷ್ಟು ಅಗ್ಗಕ್ಕೆ ಹೇಗೆ ಸಿಕ್ಕಿತು, ಆ ಸುಳಿ ಹೇಗೆ ಹುಟ್ಟಿತು ಎಂದು ಕೇಳಿದರೆ ಉತ್ತರ ಹುಡುಕಲು ಜರ್ಮನಿಯ ತನಕ ಹೋಗಬೇಕು.

ಜರ್ಮನಿಯ ಲೆಕ್ಕ, ರಷ್ಯಾದ ಕಾರ್ಖಾನೆ

ಲೆನ್ಸು ಎಂದರೆ ಮೊದಲಿಗೆ ಗಣಿತ. ಎಷ್ಟು ಗಾಜು, ಒಂದೊಂದರ ಬಾಗು ಎಷ್ಟು, ನಡುವೆ ಅಂತರ ಎಷ್ಟು ಎಂಬ ಲೆಕ್ಕ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಂದು ಲೆನ್ಸಿನ ಲೆಕ್ಕ ಮುಗಿಸಲು ಹಲವರು ತಿಂಗಳುಗಟ್ಟಲೆ ಕೂರಬೇಕಿತ್ತು. ಆ ಲೆಕ್ಕದಲ್ಲಿ ಜಗತ್ತಿಗೇ ಮುಂದಿದ್ದದ್ದು ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಜೈಸ್ ಕಂಪನಿ. ಪಾಲ್ ರುಡಾಲ್ಫ್ 1902ರಲ್ಲಿ ಕೊಟ್ಟ ಟೆಸ್ಸಾರ್, ಲುಡ್ವಿಗ್ ಬರ್ಟೆಲೆಯ ಸೊನ್ನಾರ್, ವಿಲ್ಲಿ ಮೆರ್ಟೆಯ ಬಯೋಟಾರ್ ಎಲ್ಲವೂ ಅಲ್ಲಿಯವೇ.

ಸೋವಿಯತ್ತಿನವರು ಜರ್ಮನ್ ಕ್ಯಾಮೆರಾಗಳನ್ನು ನೋಡಿ ಮಾಡುವ ಕೆಲಸ ಶುರುಮಾಡಿದ್ದು ಎರಡನೇ ಮಹಾಯುದ್ಧಕ್ಕೂ ಮೊದಲೇ. ಉಕ್ರೇನಿನ ಖಾರ್ಕಿವ್‌ನಲ್ಲಿ ಶಿಕ್ಷಣತಜ್ಞ ಆಂಟನ್ ಮಕರೆಂಕೊ ನಡೆಸುತ್ತಿದ್ದ ಅನಾಥ ಮಕ್ಕಳ ಕಮ್ಯೂನಿನಲ್ಲಿ 1934ರಿಂದ ಲೈಕಾದ ನಕಲು ತಯಾರಾಗತೊಡಗಿತು. ಅದರ ಹೆಸರು ಫೆಡ್. ಸೋವಿಯತ್ ಗುಪ್ತ ಪೊಲೀಸ್ ವ್ಯವಸ್ಥೆ ಕಟ್ಟಿದ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಮೊದಲಕ್ಷರಗಳು! ತಬ್ಬಲಿ ಹುಡುಗರು ಜೋಡಿಸಿದ ಕ್ಯಾಮೆರಾಕ್ಕೆ ಇಂಥವನ ಹೆಸರು ಬಂದದ್ದು ಆ ಕಾಲದ ವಿಚಿತ್ರಗಳಲ್ಲಿ ಒಂದು.

1945ರಲ್ಲಿ ಜರ್ಮನಿ ಸೋತಿತು. ಯೇನಾ, ಡ್ರೆಸ್ಡೆನ್ ಎರಡೂ ಸೋವಿಯತ್ ವಲಯಕ್ಕೆ ಸೇರಿದವು. ಯುದ್ಧ ಪರಿಹಾರದ ಲೆಕ್ಕದಲ್ಲಿ ಯಂತ್ರಗಳು, ನಕ್ಷೆಗಳು, ಗಾಜಿನ ದಾಸ್ತಾನು ರೈಲು ಹತ್ತಿದವು. ಕಾಂಟ್ಯಾಕ್ಸ್ ಕ್ಯಾಮೆರಾದ ಅಚ್ಚುಗಳು ಕೀವ್‌ನ ಆರ್ಸೆನಲ್ ಕಾರ್ಖಾನೆ ಸೇರಿ ‘ಕೀವ್’ ಕ್ಯಾಮೆರಾಗಳಾದವು. ಲೆನ್ಸಿನ ವಿದ್ಯೆಯ ದೊಡ್ಡ ಪಾಲು ಮಾಸ್ಕೊ ಪಕ್ಕದ ಕ್ರಾಸ್ನೊಗೋರ್ಸ್ಕ್ ಯಂತ್ರ ಕಾರ್ಖಾನೆಗೆ ಬಂತು. 1942ರಲ್ಲಿ ಯುದ್ಧದ ನಡುವೆಯೇ ಹುಟ್ಟಿದ ಕಾರ್ಖಾನೆ ಅದು. 1959ರಲ್ಲಿ ಲೂನಾ-3 ನೌಕೆ ಚಂದ್ರನ ಹಿಂಬದಿಯನ್ನು ಮೊದಲ ಸಲ ಸೆರೆಹಿಡಿದದ್ದು ಇಲ್ಲಿ ತಯಾರಾದ ಕ್ಯಾಮೆರಾದಿಂದಲೇ.

ಹೀಗೆ ಸೊನ್ನಾರ್ ಹೋಗಿ ಜ್ಯುಪಿಟರ್ ಆಯಿತು, ಟೆಸ್ಸಾರ್ ಮಾದರಿಯವು ಇಂಡಸ್ಟಾರ್ ಆದವು, ಬಯೋಟಾರ್ 58 ಮಿ.ಮೀ. ಎಫ್/2 ಹೀಲಿಯೋಸ್-44 ಆಯಿತು. ಜರ್ಮನ್ ಗಾಜು ಖಾಲಿಯಾದ ಮೇಲೆ ತಮ್ಮ ಗಾಜಿಗೆ ತಕ್ಕಂತೆ ಲೆಕ್ಕವನ್ನು ಮತ್ತೆ ಹಾಕಿಕೊಂಡರು. ಹಾಗಾಗಿ ಬರೀ ನಕಲು ಎಂದು ಮೂಗು ಮುರಿಯುವುದು ಸರಿಯಲ್ಲ. ಪೂರ್ತಿ ತಮ್ಮದೇ ಆದ ಕೆಲಸವೂ ಅವರ ಬಳಿ ಇತ್ತು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಗ್ರ್ಯಾಂಡ್ ಪ್ರಿ ಪಡೆದ ಮಿರ್-1, ತೈರ್-11, ದಮಿತ್ರಿ ಮಕ್ಸುತೊವ್ ಕಂಡುಹಿಡಿದ ಕನ್ನಡಿ-ಗಾಜಿನ ಜೋಡಣೆಯ ಎಂಟಿಒ ಟೆಲಿ ಲೆನ್ಸು ಅಂಥವು. ಆ ಪ್ರಶಸ್ತಿಯ ಹೆಮ್ಮೆ ಎಷ್ಟಿತ್ತೆಂದರೆ ಅನೇಕ ಮಿರ್-1 ಲೆನ್ಸುಗಳ ಮುಂಭಾಗದಲ್ಲೇ ಅದನ್ನು ಕೊರೆಸಿದ್ದಾರೆ.

ಅಗ್ಗದ ಗುಟ್ಟು

ಅಗ್ಗಕ್ಕೆ ಮೊದಲ ಕಾರಣ ಸಂಖ್ಯೆ. ಜೆನಿಟ್ ಕ್ಯಾಮೆರಾಗಳು ದಶಕಗಟ್ಟಲೆ, ಹೆಚ್ಚಿನ ಬದಲಾವಣೆಯಿಲ್ಲದೆ, ಲಕ್ಷ ಲಕ್ಷಗಳಲ್ಲಿ ತಯಾರಾದವು. ಅವುಗಳಲ್ಲಿ ಹೆಚ್ಚಿನವುಗಳ ಜೊತೆ ಒಂದು ಹೀಲಿಯೋಸ್ ಬರುತ್ತಿತ್ತು. ಕ್ರಾಸ್ನೊಗೋರ್ಸ್ಕ್ ಒಂದೇ ಸಾಲದೆ ವಲ್ದಾಯ್, ಬೆಲಾರೂಸಿನ ಮಿನ್ಸ್ಕ್ ಕಾರ್ಖಾನೆಗಳೂ ಅದೇ ಲೆನ್ಸು ಮಾಡಿದವು. ಆಗ ಸರ್ಕಾರವೇ ಮಾಲೀಕ, ಸರ್ಕಾರವೇ ಬೆಲೆ ಕಟ್ಟುವುದು. ಜನಸಾಮಾನ್ಯರ ಕೈಗೆ ಕ್ಯಾಮೆರಾ ಸಿಗಬೇಕೆಂಬ ಧೋರಣೆ, ಜೊತೆಗೆ ರಫ್ತಿನ ಆಸೆ.

ಎರಡನೆಯದು, ಡಿಜಿಟಲ್ ಬಂದ ಹೊಡೆತ. ಫಿಲ್ಮ್ ಮೂಲೆ ಸೇರಿದಾಗ ಕ್ಯಾಮೆರಾ ಜೊತೆಗೆ ಲೆನ್ಸೂ ಕಪಾಟು ಸೇರಿತು. ಕೊಳ್ಳುವವರಿಲ್ಲದ ಸರಕಿನ ರಾಶಿ ಬಿದ್ದಿತ್ತು.

ನಮ್ಮ ದೇಶಕ್ಕೆ ಇವು ಬಂದ ದಾರಿ ಬೇರೆ. ಐವತ್ತರ ದಶಕದಿಂದ ಭಾರತ-ಸೋವಿಯತ್ ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿತ್ತು, ಡಾಲರ್ ಬೇಕಿರಲಿಲ್ಲ. ಭಿಲಾಯಿ ಉಕ್ಕಿನ ಕಾರ್ಖಾನೆ ಬಂದದ್ದು ಸೋವಿಯತ್ ನೆರವಿನಿಂದ. 1971ರಲ್ಲಿ ಮೈತ್ರಿ ಒಪ್ಪಂದವಾಯಿತು. 1975ರ ಏಪ್ರಿಲ್ 19ರಂದು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹವನ್ನು ಮೇಲಕ್ಕೆ ಒಯ್ದದ್ದು ರಷ್ಯಾದ ರಾಕೆಟ್. ನವಕರ್ನಾಟಕದ ಮಳಿಗೆಗಳಲ್ಲಿ ದಪ್ಪ ರಟ್ಟಿನ ಸೋವಿಯತ್ ಪುಸ್ತಕ ಚಿಲ್ಲರೆ ಕಾಸಿಗೆ ಸಿಗುತ್ತಿದ್ದುದನ್ನು ಆ ತಲೆಮಾರಿನ ಓದುಗರು ಇಂದಿಗೂ ನೆನೆಯುತ್ತಾರೆ. ಅದೇ ಕಾಲದಲ್ಲಿ ಜಪಾನಿನ ಕ್ಯಾಮೆರಾ ತರಿಸುವುದೆಂದರೆ ಆಮದು ಪರವಾನಗಿ, ಸುಂಕ, ಇಲ್ಲವೇ ಗಲ್ಫ್‌ನಿಂದ ಬರುವ ನೆಂಟರು. ಸಾಮಾನ್ಯರಿಗೆ ಸಿಗುತ್ತಿದ್ದದ್ದು ಆಗ್ಫಾದ ಕ್ಲಿಕ್-3 ಡಬ್ಬಿ ಮತ್ತು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ಇಂದು ಫಿಲ್ಮ್. ಅದಕ್ಕಿಂತ ಒಂದು ಮೆಟ್ಟಿಲು ಏರಬೇಕೆಂದವನ ಕೈಗೆಟುಕುತ್ತಿದ್ದದ್ದು ಜೆನಿಟ್, ಲುಬಿಟೆಲ್ ಥರದವು. ಓದಲು, ತರಬೇತಿಗೆ ಮಾಸ್ಕೊ ಕಡೆ ಹೋದವರ ಪೆಟ್ಟಿಗೆಯಲ್ಲೂ ಇವು ಬಂದವು.

ಸುಳಿ ಹುಟ್ಟುವ ಬಗೆ

ಹೀಲಿಯೋಸ್ 44-2ರ ಒಳಗಿರುವುದು ಆರು ಗಾಜು, ನಾಲ್ಕು ಗುಂಪು. ಅದನ್ನು ನೇರಕ್ಕೆ ಹಿಡಿದು ಒಳಗೆ ನೋಡಿದರೆ ಕಿಂಡಿ ದುಂಡಗೆ ಕಾಣುತ್ತದೆ. ಸ್ವಲ್ಪ ಓರೆ ಮಾಡಿ ನೋಡಿ. ಮುಂದಿನ ಅಂಚೂ ಹಿಂದಿನ ಅಂಚೂ ಒಂದನ್ನೊಂದು ಮರೆಮಾಡಿ, ದುಂಡು ಹೋಗಿ ಬಾದಾಮಿಯಾಕಾರ ಬರುತ್ತದೆ. ಚಿತ್ರದ ನಡುಭಾಗಕ್ಕೆ ಬೆಳಕು ಬರುವುದು ದುಂಡು ಕಿಂಡಿಯಿಂದ, ಅಂಚುಗಳಿಗೆ ಬರುವುದು ಬಾದಾಮಿ ಕಿಂಡಿಯಿಂದ.

ಫೋಕಸ್ ಇಲ್ಲದ ಪ್ರತಿ ಬೆಳಕಿನ ಚುಕ್ಕಿಯೂ ಆ ಕಿಂಡಿಯ ಆಕಾರವನ್ನೇ ತಾಳುತ್ತದೆ. ಹಾಗಾಗಿ ಚಿತ್ರದ ನಡುವಿನ ಚುಕ್ಕಿಗಳು ದುಂಡಗಿದ್ದರೆ ಅಂಚಿನವು ಬಾದಾಮಿಗಳಾಗಿ, ಎಲ್ಲವೂ ನಡುವನ್ನು ಸುತ್ತುವರಿದು ಸಾಲುಗಟ್ಟುತ್ತವೆ. ಇದರ ಜೊತೆಗೆ ಅಂಚಿನಲ್ಲಿ ಅಡ್ಡಗೆರೆಯೂ ಉದ್ದಗೆರೆಯೂ ಒಂದೇ ಕಡೆ ಫೋಕಸ್ ಆಗದ ದೋಷ ಈ ಲೆನ್ಸಿಗಿದೆ. ಅದು ಆ ಬಾದಾಮಿಗಳನ್ನು ಇನ್ನಷ್ಟು ಎಳೆಯುತ್ತದೆ. ಇವೆರಡೂ ಸೇರಿದಾಗ ಕಣ್ಣಿಗೆ ಸುಳಿ ಕಾಣುತ್ತದೆ.

ಅಂದರೆ ನಾವು ಮೆಚ್ಚುವುದು ಒಂದು ದೋಷವನ್ನು. ಈಗಿನ ಕಂಪನಿಗಳು ಈ ದೋಷ ತೆಗೆಯಲು ಹತ್ತಕ್ಕೂ ಹೆಚ್ಚು ಗಾಜು ಹಾಕಿ, ತೂಕ ಏರಿಸಿ, ಬೆಲೆ ಏರಿಸಿ ಅಂಚಿನಿಂದ ಅಂಚಿಗೆ ಕೊರೆದಂತೆ ಕಾಣುವ ಲೆನ್ಸು ಮಾಡಿವೆ. ಎಲ್ಲರ ಚಿತ್ರವೂ ಒಂದೇ ಥರ ಶುದ್ಧವಾದ ಮೇಲೆ ಜನ ಅಶುದ್ಧಿಯನ್ನು ಹುಡುಕಿಕೊಂಡು ಬಂದರು. ಹಾಲಿವುಡ್ಡೂ ಬಂತು. ‘ಡ್ಯೂನ್’ ಚಿತ್ರದ ಎರಡನೇ ಭಾಗದಲ್ಲಿ (2024) ಛಾಯಾಗ್ರಾಹಕ ಗ್ರೆಗ್ ಫ್ರೇಸರ್ ಹಳೆಯ ಸೋವಿಯತ್ ಗಾಜುಗಳನ್ನೂ ಬಳಸಿದರು. ಅವನ್ನು ಸಿನಿಮಾ ಕ್ಯಾಮೆರಾಕ್ಕೆ ಒಗ್ಗುವಂತೆ ಹೊಸ ಕವಚಕ್ಕೆ ಕೂರಿಸಿಕೊಟ್ಟದ್ದು ಉಕ್ರೇನಿನ ಒಂದು ಸಂಸ್ಥೆ.

ಸುಳಿ ಬರಲು ಮೂರ್ನಾಲ್ಕು ಸಂಗತಿ ಕೂಡಿಬರಬೇಕು. ಅಪರ್ಚರ್, ಅಂದರೆ ಆ ಕಿಂಡಿ, ಪೂರ್ತಿ ತೆರೆದಿರಬೇಕು, ಈ ಲೆನ್ಸಿನಲ್ಲಿ ಎಫ್/2. ವ್ಯಕ್ತಿ ಎರಡು ಮೀಟರ್ ಆಸುಪಾಸಿನಲ್ಲಿರಬೇಕು. ಅವರ ಹಿಂದೆ ಕೆಲವು ಮೀಟರ್ ದೂರದಲ್ಲಿ ಬೆಳಕು ತೂರಿ ಬರುವ ಸಣ್ಣ ಎಲೆಯ ಗಿಡವಿರಬೇಕು. ಗೋಡೆ, ಖಾಲಿ ಆಕಾಶ, ಬಾಳೆಯ ಅಗಲ ಎಲೆ ಇದ್ದರೆ ಏನೂ ಆಗುವುದಿಲ್ಲ. ಚುಕ್ಕಿಗಳು ಹೆಚ್ಚಿದಷ್ಟೂ ಸುಳಿ ಹೆಚ್ಚು. ರಾಯಚೂರು ಸೀಮೆಯಲ್ಲಿ ಹೊಲದ ಬದು, ಹಳ್ಳದ ದಂಡೆ, ರಸ್ತೆ ಬದಿಯನ್ನೆಲ್ಲ ನುಂಗಿ ರೈತರಿಂದ ಬೈಸಿಕೊಳ್ಳುವ ಬಳ್ಳಾರಿ ಜಾಲಿ ಈ ಲೆನ್ಸಿನ ಮುಂದೆ ಮಾತ್ರ ಬಂಗಾರ. ಅದರ ಕಿರುಎಲೆಗಳ ನಡುವೆ ಸಂಜೆ ಬಿಸಿಲು ನೂರಾರು ಕಿಂಡಿ ತೆರೆದಿರುತ್ತದೆ.

ಇನ್ನೊಂದು ಮಾತು. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಸೆನ್ಸರ್ ಸಣ್ಣದು. ಅದರಲ್ಲಿ ಲೆನ್ಸಿನ ಅಂಚಿನ ಚಿತ್ರ ಕತ್ತರಿಸಿ ಹೋಗುವುದರಿಂದ ಸುಳಿಯೂ ಬಹುಪಾಲು ಹೋಗುತ್ತದೆ. ಬದಲಿಗೆ ಸಿಗುವುದು 87ರಿಂದ 93 ಮಿ.ಮೀ. ಲೆನ್ಸಿನಷ್ಟು ಹತ್ತಿರದ ನೋಟ. ಮುಖದ ಚಿತ್ರಕ್ಕೆ ಅದು ಒಳ್ಳೆಯದೇ, ಆದರೆ ಸುಳಿಗಾಗಿ ಕೊಂಡವರಿಗೆ ನಿರಾಸೆ.

ಬೇರೆ ಲೆನ್ಸುಗಳ ಗುಣ ಬೇರೆ. ಜ್ಯುಪಿಟರ್-9ರಲ್ಲಿ (85 ಮಿ.ಮೀ. ಎಫ್/2) ಅಪರ್ಚರಿಗೆ 15 ಎಸಳು, ಹಿನ್ನೆಲೆ ಬೆಣ್ಣೆಯಂತೆ ಕರಗುತ್ತದೆ. ಇಂಡಸ್ಟಾರ್-61 ಎಲ್/ಜೆಡ್‌ನ ಅಪರ್ಚರನ್ನು ಎಫ್/5.6ಕ್ಕೆ ಇಳಿಸಿದರೆ ಕಿಂಡಿ ಆರು ಮೂಲೆಯ ನಕ್ಷತ್ರವಾಗುತ್ತದೆ. ಮಂಟಪದ ಸೀರಿಯಲ್ ಸೆಟ್ ಹಿನ್ನೆಲೆಗಿದ್ದರೆ ಪ್ರತಿ ಬಲ್ಬೂ ಒಂದೊಂದು ನಕ್ಷತ್ರ. ನನಗೆ ಅದು ಒಂದೆರಡು ಚಿತ್ರಕ್ಕೆ ಸಾಕೆನಿಸುತ್ತದೆ. ಇಡೀ ಆಲ್ಬಂ ತುಂಬಿಸಿದರೆ ಕಣ್ಣು ನೋಯುತ್ತದೆ.

45.46 ಮಿ.ಮೀ. ಲೆಕ್ಕ

ಹಳೆ ಲೆನ್ಸು ಹೊಸ ಕ್ಯಾಮೆರಾಕ್ಕೆ ಹೊಂದುವುದು ಒಂದು ಅಳತೆಯಿಂದ. ಲೆನ್ಸು ಕೂರುವ ಬಳೆಯಿಂದ ಸೆನ್ಸರಿಗೆ ಇರುವ ದೂರ ಅದು. ಜೆನಿಟ್‌ನ 42 ಮಿ.ಮೀ. ತಿರುಪಿನ, ಅಂದರೆ ಎಂ-42 ಲೆನ್ಸುಗಳು 45.46 ಮಿ.ಮೀ. ದೂರ ಕೇಳುತ್ತವೆ. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಇರುವುದು 44 ಮಿ.ಮೀ., ಉಳಿದ ಒಂದೂವರೆ ಮಿ.ಮೀ. ಜಾಗಕ್ಕೆ ತೆಳು ಬಳೆಯೊಂದನ್ನು ಕೂರಿಸಿದರೆ ಮುಗಿಯಿತು. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ಆ ದೂರವೇ 46.5 ಮಿ.ಮೀ. ಬಳೆಗೆ ಜಾಗವಿಲ್ಲ, ದೂರದ ವಸ್ತು ಫೋಕಸ್ ಆಗುವುದಿಲ್ಲ. ನಡುವೆ ಗಾಜಿರುವ ಅಡಾಪ್ಟರ್ ಹಾಕಿದರೆ ಚಿತ್ರ ಮಂಕಾಗುತ್ತದೆ. ನಿಕಾನ್ ಡಿಎಸ್‌ಎಲ್‌ಆರ್ ಇರುವವರು ಈ ಆಸೆ ಬಿಡುವುದು ಒಳ್ಳೆಯದು.

ಮಿರರ್‌ಲೆಸ್ ಬಂದ ಮೇಲೆ ಕಷ್ಟ ತಪ್ಪಿತು. ಸೋನಿಯಲ್ಲಿ 18, ಕ್ಯಾನನ್ ಆರ್‌ಎಫ್‌ನಲ್ಲಿ 20, ನಿಕಾನ್ ಜೆಡ್‌ನಲ್ಲಿ 16 ಮಿ.ಮೀ. ಬೇಕಾದಷ್ಟು ಜಾಗ. ಫೆಡ್, ಜೋರ್ಕಿ ಕ್ಯಾಮೆರಾಗಳ ಜ್ಯುಪಿಟರ್-8 ಥರದ ಲೆನ್ಸುಗಳಿಗೆ ಬೇಕಾದ ದೂರ 28.8 ಮಿ.ಮೀ., ಅವೂ ಇಲ್ಲಿ ಕೂರುತ್ತವೆ. ಫೋಕಸ್ ಆದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಸೌಲಭ್ಯವೂ ಈ ಕ್ಯಾಮೆರಾಗಳಲ್ಲಿದೆ. ಕೈಯಿಂದ ಫೋಕಸ್ ಮಾಡುವವರಿಗೆ ಅದು ದೊಡ್ಡ ಊರುಗೋಲು. ಮೊದಲ ಸಲ ಹಾಕಿದಾಗ ಶಟರ್ ಬೀಳದಿದ್ದರೆ ಗಾಬರಿ ಬೇಡ. ಮೆನುವಿನಲ್ಲಿ ಲೆನ್ಸು ಇಲ್ಲದೆಯೂ ಶಟರ್ ಬೀಳುವಂತೆ ಮಾಡುವ ಆಯ್ಕೆ ಇರುತ್ತದೆ, ಅದನ್ನು ಆನ್ ಮಾಡಿಕೊಳ್ಳಬೇಕು.

ಲೆಕ್ಕ ಒಂದೇ, ಕೈ ಹಲವು

ಗುಣಮಟ್ಟದ ಬಗ್ಗೆ ಕೇಳಿದರೆ ಒಂದೇ ಮಾತಿನ ಉತ್ತರ ಇಲ್ಲ. ವಿನ್ಯಾಸ ಉತ್ತಮ, ಲೋಹ ಗಟ್ಟಿ, ಪ್ಲಾಸ್ಟಿಕ್ ಹೆಸರಿಗಿಲ್ಲ. ಆದರೆ ಅವು ತಯಾರಾದದ್ದು ಇಂತಿಷ್ಟು ದಿನದಲ್ಲಿ ಇಂತಿಷ್ಟು ಎಂಬ ಯೋಜನೆಯ ಗುರಿಯ ಕೆಳಗೆ. ಹಾಗಾಗಿ ಒಂದೇ ಹೆಸರಿನ ಎರಡು ಲೆನ್ಸುಗಳಲ್ಲಿ ಒಂದು ಅದ್ಭುತ, ಇನ್ನೊಂದು ಮಂಕು ಇರಬಹುದು. 44ಎಂ-4ರಿಂದ 44ಎಂ-7ರವರೆಗಿನ ಹೀಲಿಯೋಸ್‌ಗಳಲ್ಲಿ ಕೊನೆಯ ಅಂಕಿ ದೊಡ್ಡದಾದಷ್ಟೂ ಕಾರ್ಖಾನೆಯ ಪರೀಕ್ಷೆಯಲ್ಲಿ ಹೆಚ್ಚು ಸೂಕ್ಷ್ಮ ಗೆರೆಗಳನ್ನು ಬಿಡಿಸಿ ತೋರಿಸಿದೆ ಎಂದರ್ಥ. ಸಾಮಾನ್ಯವಾಗಿ ಸೀರಿಯಲ್ ನಂಬರಿನ ಮೊದಲೆರಡು ಅಂಕಿಯೇ ತಯಾರಾದ ವರ್ಷ. 79 ಎಂದಿದ್ದರೆ 1979.

ಇನ್ನು ನಮ್ಮ ಹವೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಬಯಲಿನಲ್ಲಿ ಲೆನ್ಸನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಒಳಗಿನ ಹಳೆ ಗ್ರೀಸು ನೀರಾಗಿ ಅಪರ್ಚರ್ ಎಸಳುಗಳಿಗೆ ಹತ್ತುತ್ತದೆ. 44-2ರಲ್ಲಿ ಎಸಳನ್ನು ತಿರುಗಿಸುವುದು ಕೈಯೇ ಆದ್ದರಿಂದ ಎಣ್ಣೆ ಕಂಡರೂ ಕೆಲಸ ನಿಲ್ಲದು. 44ಎಂ ಮಾದರಿಗಳಲ್ಲಿ ಸ್ಪ್ರಿಂಗಿನಿಂದ ತಾನಾಗಿ ಮುಚ್ಚುವ ಎಸಳುಗಳು ಅಂಟಿಕೊಂಡು ಕೂರುತ್ತವೆ. ಫಂಗಸ್ ಮಾತ್ರ ಈ ಒಣ ಸೀಮೆಗೆ ದೊಡ್ಡ ಶತ್ರುವಲ್ಲ. ಆದರೆ ಕರಾವಳಿಯ ಊರುಗಳಿಂದ, ಮುಂಬೈ-ಕೋಲ್ಕತ್ತಾದಿಂದ ಬಂದ ಲೆನ್ಸಿನಲ್ಲಿ ಅದು ಮೊದಲೇ ಮನೆ ಮಾಡಿರಬಹುದು. ನಮ್ಮ ಪಾಲಿಗೆ ಇರುವುದು ದೂಳು. ಫೋಕಸ್ ತಿರುಗಿಸಿದಂತೆ ಹೊರಗೆ-ಒಳಗೆ ಆಡುವ ಈ ಲೆನ್ಸುಗಳು ಅದನ್ನು ಒಳಗೆಳೆದುಕೊಳ್ಳುತ್ತವೆ.

ಹಳೆಯವುಗಳಿಗೆ ಒಂದೇ ಪದರದ ಲೇಪ. ಸೂರ್ಯ ಎದುರಿಗಿದ್ದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಬಿಳಿಚಿಕೊಳ್ಳುತ್ತದೆ. ಕೆಲವರಿಗೆ ಅದೇ ಇಷ್ಟ. ಇಷ್ಟವಿಲ್ಲದವರು 49 ಮಿ.ಮೀ. ಹುಡ್ ಒಂದನ್ನು 44-2ಕ್ಕೆ ಹಾಕಿಕೊಳ್ಳಲಿ.

ಮಸ್ಕಿಯ ಬಂಡೆ, ಮುದಗಲ್ಲಿನ ಇರುಳು

ಈ ಲೆನ್ಸು ಬರೀ ಮದುವೆ ಜೋಡಿಗೆ ಮೀಸಲಲ್ಲ. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದವನು ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿದ ಶಾಸನ ಅದು. ಇಂಥ ಬಂಡೆಬರಹದ ಚಿತ್ರ ತೆಗೆಯಲು ಓರೆ ಬೆಳಕು ಬೇಕು, ಆತುರ ಇರಬಾರದು. ಬಂಡೆ ಎಲ್ಲಿಗೂ ಓಡುವುದಿಲ್ಲ, ಆಟೋಫೋಕಸ್ ಯಾರಿಗೆ ಬೇಕು? ಹೀಲಿಯೋಸ್ಸನ್ನು ಎಫ್/8ಕ್ಕೆ ಇಳಿಸಿ ಟ್ರೈಪಾಡ್ ಮೇಲಿಟ್ಟರೆ ಹಲವು ಪಟ್ಟು ಬೆಲೆಯ ಲೆನ್ಸಿನ ಚಿತ್ರಕ್ಕೂ ಇದಕ್ಕೂ ವ್ಯತ್ಯಾಸ ಹುಡುಕಲು ಭೂತಗನ್ನಡಿ ಬೇಕಾಗುತ್ತದೆ. ಕಲ್ಲು, ಮಣ್ಣು, ಕೋಟೆ, ಮುಖ ಇಂಥವಕ್ಕೆಲ್ಲ ಇದೇ ಮಾತು.

ಮುದಗಲ್ಲಿನ ಮೊಹರಂ ಕತೆ ಬೇರೆ. ರಾತ್ರಿಯ ಬೆಳಕಿಗೆ ಎಫ್/2 ವರವೇ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸು 55 ಮಿ.ಮೀ.ನಲ್ಲಿ ಎಫ್/5.6 ದಾಟಿ ತೆರೆಯುವುದಿಲ್ಲ. ಅದಕ್ಕಿಂತ ಎಂಟು ಪಟ್ಟು ಬೆಳಕನ್ನು ಹೀಲಿಯೋಸ್ ಒಳಬಿಡುತ್ತದೆ. ಆದರೆ ಆಲಂಗಳು ಎದ್ದು, ಜನಜಂಗುಳಿ ಅಲೆಯಂತೆ ಮುಂದೆ ನುಗ್ಗುವಾಗ ಕೈಯಿಂದ ಫೋಕಸ್ ಹಿಡಿಯುವಷ್ಟರಲ್ಲಿ ಗಳಿಗೆ ತಪ್ಪಿರುತ್ತದೆ. ಮದುವೆಯಲ್ಲಿ ತಾಳಿ ಕಟ್ಟುವ ಕ್ಷಣವೂ ಅಂಥದ್ದೇ. ಅಲ್ಲಿಗೆ ಈ ಲೆನ್ಸು ಹಿಡಿದು ಹೋಗುವವನು ಧೈರ್ಯಶಾಲಿ ಅಲ್ಲ, ಮುಂದಿನ ಆರ್ಡರ್ ಬೇಡವಾದವನು.

ಕೊಳ್ಳುವ ಮುನ್ನ

ಒಂದು ಕಾಲದ ನೀರಿನ ಬೆಲೆ ಈಗಿಲ್ಲ. ಹೆಸರು ಹಬ್ಬಿದೆ, 2022ರಿಂದ ಯುದ್ಧದ ಕಾರಣಕ್ಕೆ ರಷ್ಯಾ-ಉಕ್ರೇನ್ ಕಡೆಯಿಂದ ಪಾರ್ಸೆಲ್ ತರಿಸುವುದು ತೊಡಕಾಗಿದೆ, ಬಂದರೂ ಸುಂಕ ಕಟ್ಟಬೇಕು. ಆದರೂ ಹೀಲಿಯೋಸ್ 44-2 ನಮ್ಮಲ್ಲಿ ಸಾಮಾನ್ಯವಾಗಿ ಕೈಬದಲಾಗುವುದು ನಾಲ್ಕಂಕಿಯ ಬೆಲೆಯಲ್ಲೇ. ಹೆಸರಾಂತ ಕಂಪನಿಯ ಹೊಸ 85 ಮಿ.ಮೀ. ಲೆನ್ಸಿಗೆ ಐದಂಕಿ ತೆರಬೇಕು. ಇಲ್ಲೊಂದು ಸತ್ಯ ಹೇಳಲೇಬೇಕು. ಕ್ಯಾನನ್ನಿನ ಹೊಸ 50 ಮಿ.ಮೀ. ಎಫ್/1.8 ಸಹ ಹತ್ತು ಸಾವಿರದ ಆಸುಪಾಸಿಗೆ ಸಿಗುತ್ತದೆ, ಆಟೋಫೋಕಸ್, ಗ್ಯಾರಂಟಿ ಎರಡೂ ಇರುತ್ತವೆ. ದುಡಿಮೆಗೆ ಮೊದಲ ಲೆನ್ಸು ಕೊಳ್ಳುವವರು ಅದನ್ನೇ ಕೊಳ್ಳಲಿ. ಹೀಲಿಯೋಸ್ ಎರಡನೆಯದಾಗಿರಲಿ. ಜ್ಯುಪಿಟರ್-9 ಥರದವನ್ನು ಯಾರೋ ಬಿಚ್ಚಿ ತಪ್ಪಾಗಿ ಜೋಡಿಸಿರುವ ಸಾಧ್ಯತೆ ಹೆಚ್ಚು, ಹಾಕಿ ನೋಡದೆ ಹಣ ಕೊಡಬೇಡಿ.

ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಫಂಗಸ್ ಇದೆಯೇ ನೋಡಿ. ಸಣ್ಣ ದೂಳಿನ ಕಣ ಚಿತ್ರ ಕೆಡಿಸುವುದಿಲ್ಲ, ಮಂಜು ಹಿಡಿದ ಗಾಜು ಕೆಡಿಸುತ್ತದೆ. ಫೋಕಸ್ ಬಳೆ ಒಂದೇ ಹದದಲ್ಲಿ ತಿರುಗಬೇಕು. ದೂರದ ವಿದ್ಯುತ್ ಕಂಬಕ್ಕೆ ಹಿಡಿದು ಅನಂತಕ್ಕೆ ಫೋಕಸ್ ಆಗುತ್ತದೆಯೇ ಪರೀಕ್ಷಿಸಿ. ಅಗ್ಗದ ಲೈಕಾ ಎಂದು ಯಾರಾದರೂ ಹೊಳೆಯುವ ಕ್ಯಾಮೆರಾ ತೋರಿಸಿದರೆ ಅದು ವೇಷ ಹಾಕಿದ ಫೆಡ್ ಅಥವಾ ಜೋರ್ಕಿ ಆಗಿರುವ ಸಂಭವವೇ ಹೆಚ್ಚು.

ಕೊನೆಗೆ ಒಂದು ಕೋರಿಕೆ. ಹಟ್ಟಿಯ ಕ್ಯಾಂಪಿನ ಹಳೆ ಮನೆಗಳಲ್ಲಿ, ಲಿಂಗಸುಗೂರು-ಸಿಂಧನೂರಿನ ಮುಚ್ಚಿದ ಸ್ಟುಡಿಯೊಗಳಲ್ಲಿ ಅಪ್ಪನದೋ ಮಾವನದೋ ಜೆನಿಟ್ ಒಂದು ಟ್ರಂಕಿನಲ್ಲಿ ಬಿದ್ದಿದ್ದರೆ ಅದನ್ನು ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಅದರ ಮೀಟರ್ ಸತ್ತಿರಬಹುದು, ಶಟರಿನ ಬಟ್ಟೆ ಹರಿದಿರಬಹುದು. ಆದರೆ ಮುಂದಿನ ಲೆನ್ಸು ಎಡಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ. ಅದನ್ನು ಒಣಬಟ್ಟೆಯಲ್ಲಿ ಸುತ್ತಿ ಊರಿನ ಯಾವುದಾದರೂ ಫೋಟೊಗ್ರಾಫರ್ ಹುಡುಗನಿಗೆ ತೋರಿಸಿ.